ಮುಲ್ಕಿ ಪತ್ರದಿಂದ ಆರ್‌.ಡಿ. ಸಂಖ್ಯೆಯವರೆಗೆ: ಹತ್ತಿಕುಣಿ ಸೀಮೆಯಲ್ಲಿ ಕಾಲೇಜು ಪ್ರವೇಶದ ಇತಿಹಾಸ

ಯಾದಗಿರಿ ತಾಲ್ಲೂಕಿನ ಹೋಬಳಿ ಊರಾದ ಹತ್ತಿಕುಣಿ ಹೊರಗಿನವರಿಗೆ ತನ್ನ ಜಲಾಶಯದಿಂದ ಪರಿಚಿತ. ಸುತ್ತಲಿನ ಹಳ್ಳಿ, ತಾಂಡಾಗಳವರಿಗೆ ತೊಗರಿ, ಶೇಂಗಾ, ಹತ್ತಿಯ ಹೊಲಗಳಿಂದ ಮತ್ತು ಬೆಳೆ ಕೈಕೊಟ್ಟ ವರ್ಷ ಬೆಂಗಳೂರು, ಮುಂಬೈ, ಹೈದರಾಬಾದುಗಳಿಗೆ ಹೊರಡುವ ಗುಳೆಯಿಂದ ಪರಿಚಿತ. ಇಂಥ ಸೀಮೆಯ ಉನ್ನತ ಶಿಕ್ಷಣದ ಇತಿಹಾಸವನ್ನು ಸಾಮಾನ್ಯವಾಗಿ ಕಾಲೇಜುಗಳು ಸ್ಥಾಪನೆಯಾದ ಇಸವಿಗಳ ಮೂಲಕ ಬರೆಯಲಾಗುತ್ತದೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೊರಟ ತಂದೆತಾಯಿಯರ ಕಡೆಯಿಂದ ನೋಡಿದರೆ ಆ ಇತಿಹಾಸಕ್ಕೆ ಬೇರೆಯೇ ಎರಡು ಎಳೆಗಳಿವೆ: ಈ ಮಗು ಇಲ್ಲಿಯದೇ ಎಂದು ಸರ್ಕಾರದ ಮುಂದೆ ರುಜುವಾತುಪಡಿಸುವ ಕಾಗದ ಒಂದು, ಆ ಕಾಗದದ ಬಲದಿಂದ ಸಿಗಬೇಕಾದ ನೆರವು ಬರುವ ತನಕ ಕೈಯಿಂದ ಹಾಕಬೇಕಾದ ಹಣ ಇನ್ನೊಂದು.

ಯಾದಗಿರಿ ಮತ್ತು ಶಹಾಪುರ ಮೊದಲಿನಿಂದಲೂ ನಿಜಾಮರ ಆಳ್ವಿಕೆಯಲ್ಲಿದ್ದವು; 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನ ಮುರಿದುಬಿದ್ದ ಮೇಲೆ ಬ್ರಿಟಿಷರು ಸುರಪುರವನ್ನೂ ಹೈದರಾಬಾದಿಗೆ ವಹಿಸಿಕೊಟ್ಟರು. 1871ರ ಹೊತ್ತಿಗೆ ಮುಂಬೈ ಕಡೆಯಿಂದ ಬಂದ ರೈಲುಮಾರ್ಗ ಯಾದಗಿರಿಯ ಮೂಲಕ ರಾಯಚೂರನ್ನು ಮುಟ್ಟಿತು, ಸ್ವಲ್ಪ ಕಾಲದಲ್ಲೇ ವಾಡಿಯಿಂದ ಹೈದರಾಬಾದಿಗೂ ಹಳಿ ಬಿತ್ತು. ಹೀಗೆ ಓದಲು ಹೊರಟ ಹುಡುಗನಿಗೆ ಒಂದು ದಿಕ್ಕಿನಲ್ಲಿ ಸೊಲ್ಲಾಪುರ, ಪುಣೆ, ಇನ್ನೊಂದು ದಿಕ್ಕಿನಲ್ಲಿ ರಾಜಧಾನಿ ಎಟುಕುವಂತಾದರೂ ಹೊರಡುವ ಶಕ್ತಿಯಿದ್ದವರು ವಕೀಲರ, ಜಹಗೀರುದಾರರ, ಕುಲಕರ್ಣಿ ಮನೆತನಗಳ ಮಕ್ಕಳು ಮಾತ್ರ. ಕೂಲಿಮಠದ ಅಯ್ಯನವರಲ್ಲಿ ಕನ್ನಡದ ಓದುಬರಹ, ಲೆಕ್ಕ ಕಲಿತ ಒಕ್ಕಲಿನ ಮನೆಯ ಹುಡುಗನಿಗೆ ಸರ್ಕಾರಿ ಶಾಲೆಯ ಉರ್ದು ಮೊದಲ ಅಡ್ಡಗೋಡೆಯಾಗಿತ್ತು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಬೋಧನಾ ಮಾಧ್ಯಮ ಮಾಡಿಕೊಂಡಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ಕಾನೂನುಗಳನ್ನು ಕಲಿಸಲು ಹೊರಟ ಆ ಸಾಹಸ ನಿಜಕ್ಕೂ ದೊಡ್ಡದು. ಆದರೆ ಆ ಭಾಷೆ ಹತ್ತಿಕುಣಿಯ ಹೊಲದಲ್ಲಾಗಲಿ ಸಂತೆಯಲ್ಲಾಗಲಿ ಬಹುಪಾಲು ಜನರು ಆಡುವ ಭಾಷೆಯಾಗಿರಲಿಲ್ಲ, ಆದ್ದರಿಂದ ಉರ್ದು ಕಲಿಯುವುದೇ ಕಾಲೇಜಿನ ಬಾಗಿಲ ಶುಲ್ಕವಾಯಿತು.

ಉಸ್ಮಾನಿಯಾಕ್ಕೆ ಸೇರಿದ ಇಂಟರ್‌ಮೀಡಿಯೆಟ್‌ ಕಾಲೇಜು, ಅಂದರೆ ಮೆಟ್ರಿಕ್‌ ಮುಗಿಸಿ ಪದವಿಗೆ ಹೋಗುವ ಮುನ್ನ ಎರಡು ವರ್ಷ ಓದುವ ಕಾಲೇಜು, ಕಲಬುರಗಿಯಲ್ಲಿ ಆರಂಭವಾದದ್ದು ಈ ಸೀಮೆಗೆ ದೊರೆತ ಮೊದಲ ದೊಡ್ಡ ಅನುಕೂಲ. ಇದೇ ವ್ಯವಸ್ಥೆಯಲ್ಲಿ ಓದಿ ಮೇಲೆ ಬಂದವರಲ್ಲಿ ಕವಿ ಸಿದ್ಧಯ್ಯ ಪುರಾಣಿಕರು ಪ್ರಸಿದ್ಧರು. ಕೊಪ್ಪಳ ಸೀಮೆಯ ದ್ಯಾಂಪುರದವರಾದ ಅವರು ಉಸ್ಮಾನಿಯಾದಲ್ಲಿ ಪದವಿ ಪಡೆದು ಹೈದರಾಬಾದ್‌ ಸಂಸ್ಥಾನದ ಆಡಳಿತ ಸೇವೆಗೆ ಸೇರಿದರು. ಅಂಥವರ ಹೆಸರುಗಳನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದೆಂಬುದೇ ಆ ಕಾಲದ ಸ್ಥಿತಿಯನ್ನು ತಿಳಿಸುತ್ತದೆ. ನಿಜಾಮರ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಲೇ ಇರಲಿಲ್ಲವೆಂದಲ್ಲ: ಹೈದರಾಬಾದಿನ ಸರೋಜಿನಿ ಚಟ್ಟೋಪಾಧ್ಯಾಯ, ಮುಂದಿನ ಸರೋಜಿನಿ ನಾಯ್ಡು, 1895ರಲ್ಲಿ ಇಂಗ್ಲೆಂಡಿಗೆ ಓದಲು ಹೋದದ್ದು ನಿಜಾಮರ ನೆರವಿನಿಂದಲೇ. ಆದರೆ ಅಂಥ ನೆರವು ದೊರೆಯ ಮೆಚ್ಚುಗೆಗೆ ಸಂಬಂಧಿಸಿದ್ದು. ಅರ್ಜಿ ಹಾಕಿದರೆ ಸಿಗಬೇಕಾದ ಹಕ್ಕು ಅದಾಗಿರಲಿಲ್ಲ. ಬಡ ಹುಡುಗರ ಪಾಲಿಗಿದ್ದದ್ದು ವಾರಾನ್ನ, ಎಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ಪದ್ಧತಿ, ಮತ್ತು ಮಠಗಳ ಪ್ರಸಾದ ನಿಲಯಗಳು. ಎರಡರಲ್ಲೂ ಊಟ ಜಾತಿಯ ಗೆರೆಯೊಳಗೇ ಸಿಗುತ್ತಿದ್ದುದರಿಂದ ಆ ಗೆರೆಯ ಹೊರಗಿದ್ದವರ ಮಕ್ಕಳಿಗೆ ಅದೂ ಇರಲಿಲ್ಲ.

1919ರಲ್ಲಿ ಹೊರಟ ಫರ್ಮಾನು, ಅಂದರೆ ನಿಜಾಮರ ರಾಜಾಜ್ಞೆ, ಮುಲ್ಕಿಗಳಲ್ಲದವರನ್ನು ತನ್ನ ವಿಶೇಷ ಅಪ್ಪಣೆಯಿಲ್ಲದೆ ಸರ್ಕಾರಿ ನೌಕರಿಗೆ ತೆಗೆದುಕೊಳ್ಳಬಾರದೆಂದು ವಿಧಿಸಿತು. ಮುಲ್ಕಿ ಎಂದರೆ ಸಂಸ್ಥಾನದ ನೆಲದವನು: ಹುಟ್ಟಿನಿಂದ ಅಲ್ಲಿಗೆ ಸೇರಿದವನು, ಇಲ್ಲವೇ ಕನಿಷ್ಠ 15 ವರ್ಷ ಅಲ್ಲಿ ನೆಲೆಸಿ ಮೂಲ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿದ್ದೇನೆಂದು ಪ್ರಮಾಣ ಮಾಡಿದವನು. ಉತ್ತರ ಹಿಂದೂಸ್ಥಾನದಿಂದ ಬಂದ ವಿದ್ಯಾವಂತರೇ ಹುದ್ದೆಗಳನ್ನು ತುಂಬಿಕೊಳ್ಳುತ್ತಿದ್ದಾರೆಂಬ ಸ್ಥಳೀಯರ ಅಸಮಾಧಾನ ಈ ನಿಯಮದ ಹಿಂದಿತ್ತು. ನಿಯಮ ನೌಕರಿಗೆ ಸಂಬಂಧಿಸಿದ್ದೇ ಹೊರತು ಕಾಲೇಜಿನ ಸೀಟಿಗಲ್ಲ. ಆದರೂ ಕಾಲೇಜು ಓದುವುದೇ ನೌಕರಿಗಾಗಿ ಎಂದಿದ್ದ ಕಾಲದಲ್ಲಿ ಮಗನನ್ನು ಕಾಲೇಜಿಗೆ ಕಳಿಸುವ ತಂದೆಯ ಲೆಕ್ಕಾಚಾರದಲ್ಲಿ ಆ ಪತ್ರಕ್ಕೂ ಒಂದು ಜಾಗವಿತ್ತು. ಹುಟ್ಟಿದ ನೆಲವೇ ಅರ್ಹತೆ, ಅದಕ್ಕೆ ಅಧಿಕಾರಿಯ ಮುದ್ರೆಯೇ ಸಾಕ್ಷಿ ಎಂಬ ಆಲೋಚನೆ ಈ ಭಾಗದ ಆಡಳಿತದಲ್ಲಿ ಬೇರುಬಿಟ್ಟದ್ದು ಹೀಗೆ.

ರಾಜಕೀಯವೂ ಪ್ರವೇಶದ ದಾರಿಯನ್ನು ತಿರುಗಿಸುತ್ತಿತ್ತು. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಅನೇಕರು ನಾಗಪುರ ವಿಶ್ವವಿದ್ಯಾಲಯ ಸೇರಿ ಓದು ಮುಂದುವರಿಸಬೇಕಾಯಿತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್‌ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಉಸ್ಮಾನಿಯಾ ಇಂಗ್ಲಿಷಿಗೆ ಹೊರಳಿತು; 1956ರಲ್ಲಿ ಬೀದರ್‌, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮುಖಮಾಡಿದವು. ಉರ್ದುವಿನಲ್ಲಿ ಓದು ಆರಂಭಿಸಿ ಇಂಗ್ಲಿಷಿನಲ್ಲಿ ಪದವಿ ಮುಗಿಸಿದ, ಮನೆಯಲ್ಲಿ ಕನ್ನಡ ಆಡುತ್ತಿದ್ದ ಒಂದು ಇಡೀ ತಲೆಮಾರು ಈ ಭಾಗದಲ್ಲಿತ್ತು. ಅವರ ಕಷ್ಟದ ಬಗ್ಗೆ ಏಕೀಕರಣದ ಸಂಭ್ರಮದ ಬರಹಗಳು ಹೆಚ್ಚು ಮಾತಾಡಿಲ್ಲ.

1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್‌ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರಿನ ಎಂಜಿನಿಯರಿಂಗ್‌ ಕಾಲೇಜೂ 1963ರಲ್ಲಿ ವೈದ್ಯ ಕಾಲೇಜೂ ಕಲಬುರಗಿಯಲ್ಲಿ ಆರಂಭವಾಗಿ, ಡಾಕ್ಟರ್‌, ಎಂಜಿನಿಯರ್‌ ಆಗಲು ಹೈದರಾಬಾದಿಗೇ ಹೋಗಬೇಕೆಂಬ ಸ್ಥಿತಿ ತಪ್ಪಿತು. 1970ರಲ್ಲಿ ಧಾರವಾಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಬಂದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಕಾಲೇಜು ಹತ್ತಿರ ಬಂತು, ಸೀಟು ಬರಲಿಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕರ್ನಾಟಕದ ಖಾಸಗಿ ವೃತ್ತಿಪರ ಕಾಲೇಜುಗಳು ಕ್ಯಾಪಿಟೇಶನ್‌ ಶುಲ್ಕಕ್ಕೆ, ಎಂದರೆ ಪ್ರವೇಶಕ್ಕೆ ಮೊದಲೇ ಇಡಿಗಂಟಾಗಿ ಪಡೆಯುವ ಡೊನೇಶನ್ನಿಗೆ, ದೇಶದಲ್ಲೇ ಹೆಸರಾಗಿದ್ದವು. ಅದನ್ನು ನಿಷೇಧಿಸುವ ಕಾನೂನು 1984ರಲ್ಲಿ ಬಂತು. 1992ರ ಮೋಹಿನಿ ಜೈನ್‌ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಲೆಕ್ಕವೇ ಆ ಕಾಲದ ಅಂತರವನ್ನು ತೋರಿಸುತ್ತದೆ: ವರ್ಷದ ವೈದ್ಯ ಶಿಕ್ಷಣಕ್ಕೆ ಸರ್ಕಾರಿ ಸೀಟಿನವರು 2,000 ರೂಪಾಯಿ ಕೊಟ್ಟರೆ, ಉಳಿದ ಸೀಟುಗಳಲ್ಲಿ ಕರ್ನಾಟಕದವರು 25,000, ಹೊರಗಿನವರು 60,000 ಕೊಡಬೇಕಿತ್ತು. ಅಡತಿ ಅಂಗಡಿಯಿಂದ ತೊಗರಿಯ ಮೇಲೆ ಮುಂಗಡ ತಂದು ಮನೆ ನಡೆಸುವ ಒಕ್ಕಲಿಗನಿಗೆ ಈ ಅಂಕಿಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದವು ಓದಲಿಕ್ಕೆ ಮಾತ್ರ.

ನೆರವಿನ ಇತಿಹಾಸ ಬೇರೆ ದಾರಿಯಲ್ಲಿ ಬಂತು. ವೈಸರಾಯ್‌ ಕಾರ್ಯಕಾರಿ ಮಂಡಳಿಯಲ್ಲಿ ಅಂಬೇಡ್ಕರ್‌ ಅವರಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್‌ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಕೆಲ ವರ್ಷಗಳಲ್ಲಿ ಅದು ಪರಿಶಿಷ್ಟ ಪಂಗಡಗಳಿಗೂ ವಿಸ್ತರಿಸಿತು. ದೊರೆಯ ಮೆಚ್ಚುಗೆಯ ಜಾಗಕ್ಕೆ ಅರ್ಜಿಯ ಹಕ್ಕು ಬಂದದ್ದು ಇಲ್ಲಿಂದ ಎನ್ನಬಹುದು. ಆದರೆ ಆ ಹಕ್ಕು ಯಾವ ಮನೆಗೆ ಎಂಬುದು ಪಟ್ಟಿಯಲ್ಲಿರುವ ಹೆಸರನ್ನು ಅವಲಂಬಿಸಿತ್ತು. ಸುರಪುರದ ಬೇಡ ನಾಯಕ ಸಮುದಾಯದ ಉದಾಹರಣೆ ಇದಕ್ಕೆ ಸಾಕು: ಒಂದು ಕಾಲಕ್ಕೆ ಸಂಸ್ಥಾನವನ್ನೇ ಆಳಿದ ಈ ಜನರ ಬೇಡ, ಬೇಡರ್‌, ವಾಲ್ಮೀಕಿ ಎಂಬ ಹೆಸರುಗಳು ನಾಯಕ ಎಂಬುದರ ಪರ್ಯಾಯಗಳಾಗಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. ಅದಕ್ಕೆ ಮುಂಚೆ, ಶಾಲೆಯ ದಾಖಲೆಯಲ್ಲಿ ಗುರುಗಳು ಯಾವ ಹೆಸರು ಬರೆದಿದ್ದರು ಎಂಬುದರ ಮೇಲೆ ಒಂದು ಮಗುವಿನ ಶುಲ್ಕ, ಹಾಸ್ಟೆಲು ನಿರ್ಧಾರವಾಗುವ ಸಾಧ್ಯತೆಯಿತ್ತು. ಇತರ ಹಿಂದುಳಿದ ವರ್ಗಗಳಿಗೆ ದೇವರಾಜ ಅರಸರ ಕಾಲದ ಹಾವನೂರು ಆಯೋಗದ ನಂತರ ಬಿ.ಸಿ.ಎಂ., ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ, ಹಾಸ್ಟೆಲುಗಳು ಆಸರೆಯಾದವು, ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013ರಲ್ಲಿ ಬಂತು.

1993ರ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್‌ ತೀರ್ಪಿನ ಫಲವಾಗಿ 1994ರಲ್ಲಿ ಆರಂಭವಾದ ಸಿ.ಇ.ಟಿ., ಅಂದರೆ ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆ, ಗ್ರಾಮೀಣ ಪಾಲಕರಿಗೆ ದೊಡ್ಡ ನ್ಯಾಯವನ್ನೇ ಒದಗಿಸಿತು. ಒಂದೇ ಪರೀಕ್ಷೆ, ಒಂದೇ ರ‍್ಯಾಂಕ್‌ ಪಟ್ಟಿ, ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು ಎಂಬ ಏರ್ಪಾಡುಗಳಿಂದ ಡೊನೇಶನ್ನಿನ ಮಾತಿಲ್ಲದೆ ಎಂಜಿನಿಯರಿಂಗ್‌ ಸೇರುವ ದಾರಿ ತೆರೆಯಿತು. ಮೊದಲ ವರ್ಷಗಳಲ್ಲಿ ಸೀಟು ಆರಿಸುವ ಕೌನ್ಸೆಲಿಂಗ್‌ ಬೆಂಗಳೂರಿನಲ್ಲೇ ನಡೆಯುತ್ತಿದ್ದುದರಿಂದ ಯಾದಗಿರಿಯ ತಂದೆಯೊಬ್ಬ ಮಗಳ ಜೊತೆ ರಾತ್ರಿಯ ರೈಲು ಹತ್ತಿ, ಮೂಲ ದಾಖಲೆಗಳ ಫೈಲನ್ನೂ ಶುಲ್ಕದ ಡಿ.ಡಿ.ಯನ್ನೂ ಹಿಡಿದು ಅಲ್ಲಿ ಸರದಿ ನಿಲ್ಲಬೇಕಿತ್ತು. ಪರದೆಯ ಮೇಲೆ ಖಾಲಿ ಸೀಟುಗಳು ಒಂದೊಂದಾಗಿ ಕರಗುತ್ತಿರುವಾಗ, ಎಂದೂ ಕಾಣದ ಊರಿನ ಕಾಲೇಜನ್ನು ಕೆಲವೇ ನಿಮಿಷಗಳಲ್ಲಿ ಆರಿಸುವ ಜವಾಬ್ದಾರಿ ಅವರದಾಗಿತ್ತು.

ನೆಲದ ಪತ್ರ ಮರಳಿ ಬಂದದ್ದು ಈ ನಡುವೆ. ಹಳೆಯ ಹೈದರಾಬಾದ್‌ ಸಂಸ್ಥಾನದ ತೆಲಂಗಾಣ ಭಾಗಕ್ಕೆ 1973ರ ಸಂವಿಧಾನ ತಿದ್ದುಪಡಿಯ 371ಡಿ ವಿಧಿಯಿಂದಲೂ ಮರುವರ್ಷದ ರಾಷ್ಟ್ರಪತಿ ಆದೇಶದಿಂದಲೂ ಕಾಲೇಜು ಪ್ರವೇಶದಲ್ಲಿ ಸ್ಥಳೀಯರಿಗೆ ಶೇ. 85ರ ರಕ್ಷಣೆ ದೊರೆತಿತ್ತು. ಅದೇ ಸಂಸ್ಥಾನದ ಕನ್ನಡ ಜಿಲ್ಲೆಗಳಿಗೆ ಅಂಥದ್ದೇನೂ ಇರಲಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ರಾಜ್ಯದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಅವುಗಳಲ್ಲಿದ್ದವು. ಈ ಭಾಗದ ರಾಜಕಾರಣಿ ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ನಂತರ 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371ಜೆ ವಿಧಿಯನ್ನು ಸೇರಿಸಿತು. 2013ರ ಆದೇಶದಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲಾದವು. ಇಲ್ಲಿ ಹುಟ್ಟಿದವರು, ಹತ್ತು ವರ್ಷಕ್ಕೆ ಮೇಲ್ಪಟ್ಟು ನೆಲೆಸಿದವರು ಮತ್ತು ಅವರ ಮಕ್ಕಳು ಸ್ಥಳೀಯರು. ಅದಕ್ಕೆ ಉಪವಿಭಾಗದ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರವೇ ಪ್ರಮಾಣ. ಮುಲ್ಕಿ ನಿಯಮದ 15 ವರ್ಷ ಹತ್ತಕ್ಕೆ ಇಳಿಯಿತು, ನೌಕರಿಯ ಜೊತೆ ಸೀಟೂ ಸೇರಿತು. ತರ್ಕ ಮಾತ್ರ ಹಳೆಯದೇ. ಗುಳೆ ಹೋದ ಮನೆಗಳಿಗೆ ಈ ತರ್ಕ ಎಲ್ಲ ಸಲವೂ ಸಲೀಸಲ್ಲ, ಏಕೆಂದರೆ ತಂದೆತಾಯಿಯ ಜೊತೆ ಊರೂರು ತಿರುಗಿದ ಮಗುವಿನ ಶಾಲಾ ದಾಖಲೆಗಳೂ ಹಲವು ಊರುಗಳಲ್ಲಿ ಚದುರಿರುತ್ತವೆ.

2010ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಅಂದರೆ ಇಂದು ಪಿ.ಯು.ಸಿ. ಮುಗಿಸುವ ಅನೇಕ ಮಕ್ಕಳ ತಂದೆತಾಯಿಯರಿಗೆ ತಾವು ಸಹಿ ಹಾಕುವ ಅರ್ಜಿಯನ್ನು ಓದಲು ಬಾರದು. ನಾಡಕಚೇರಿಯಲ್ಲಿ ಮಾಡಿಸುವ ಜಾತಿ, ಆದಾಯ ಪ್ರಮಾಣಪತ್ರಗಳ ಗುರುತು ಸಂಖ್ಯೆಯಾದ ಆರ್‌.ಡಿ. ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನದ ಆನ್‌ಲೈನ್‌ ಅರ್ಜಿ ಮುಂದೆ ಸಾಗದು; ಆಧಾರಿನ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದದಿದ್ದರೆ, ಬ್ಯಾಂಕ್‌ ಖಾತೆಗೆ ಆಧಾರ್‌ ಜೋಡಣೆಯಾಗದಿದ್ದರೆ ಮಂಜೂರಾದ ಹಣವೂ ನಿಂತುಬಿಡುತ್ತದೆ. ಈ ಕೆಲಸದಲ್ಲಿ ಮನೆಯ ಪಾತ್ರಗಳು ಅದಲುಬದಲಾಗಿವೆ: ಆನ್‌ಲೈನ್‌ ಸೆಂಟರಿನಲ್ಲಿ ಅರ್ಜಿ ತುಂಬಿಸುವುದು ಮಗಳು, ಕೂಲಿ ಬಿಟ್ಟು ಕಚೇರಿಯ ಸರದಿಯಲ್ಲಿ ನಿಲ್ಲುವುದು ತಂದೆ ಅಥವಾ ತಾಯಿ. ಪಾಲಕರ ನೆರವು ಎಂದರೆ ಸಲಹೆ ಕೊಡುವುದು ಎಂಬ ನಗರದ ಕಲ್ಪನೆಯಿಂದ ಇದನ್ನು ಅಳೆಯಲಾಗದು.

ಹಣದ ಪ್ರಶ್ನೆ ನಿರ್ಣಾಯಕವಾಗುವುದು ಸಿ.ಇ.ಟಿ. ಸೀಟು ಹಂಚಿಕೆಯಾದ ಮೇಲೆ. ಸಿಕ್ಕ ಸೀಟಿಗೆ ಒಪ್ಪುವುದು ಮೊದಲನೆಯ ಚಾಯ್ಸ್‌, ಅದನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಉತ್ತಮವಾದದ್ದಕ್ಕೆ ಕಾಯುವುದು ಎರಡನೆಯದು, ಬಿಟ್ಟುಕೊಟ್ಟು ಕಾಯುವುದು ಮೂರನೆಯದು. ಮೊದಲ ಎರಡಕ್ಕೂ ಕೆಲವೇ ದಿನಗಳೊಳಗೆ ಶುಲ್ಕ ಕಟ್ಟಬೇಕು. ವಿದ್ಯಾರ್ಥಿವೇತನ ಖಾತೆಗೆ ಬರುವುದು ಪ್ರವೇಶವಾದ ಎಷ್ಟೋ ತಿಂಗಳ ಮೇಲೆ. ಹೀಗಾಗಿ ಹಣವುಳ್ಳ ಮನೆಯ ಮಗು ಸೀಟು ಹಿಡಿದುಕೊಂಡು ಕಾಯಬಹುದು, ಹಣವಿಲ್ಲದ ಮನೆಯ ಮಗು ಬಿಟ್ಟು ಕಾಯಬೇಕು ಇಲ್ಲವೇ ಸಾವ್ಕಾರನ ಮುಂದೆ ನಿಲ್ಲಬೇಕು. ಬ್ಯಾಂಕುಗಳಿಗಾಗಿ 2001ರಲ್ಲಿ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆ 4 ಲಕ್ಷದವರೆಗೆ ಅಡಮಾನ ಕೇಳಬಾರದೆಂದಿದ್ದರೂ ಆ ಸಾಲ ಮಂಜೂರಾಗಲು ಕಾಲೇಜಿನ ಪ್ರವೇಶಪತ್ರ ಬೇಕು, ಪ್ರವೇಶಪತ್ರಕ್ಕೆ ಮೊದಲ ಕಂತು ಕಟ್ಟಿರಬೇಕು.

2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಆರಂಭವಾಗಿ ಯಾದಗಿರಿ ಜಿಲ್ಲೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. 2022ರಲ್ಲಿ ಯಾದಗಿರಿಯಲ್ಲೇ ಸರ್ಕಾರಿ ವೈದ್ಯ ಕಾಲೇಜು ತೆರೆಯಿತು. ಹತ್ತಿಕುಣಿಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ಹೋಗಿಬಂದು ಡಾಕ್ಟರಾಗುವುದು ಈಗ ಭೂಗೋಳದ ದೃಷ್ಟಿಯಿಂದ ಸಾಧ್ಯ. ಆದರೆ ಆ ಸೀಟು ನೀಟ್‌ ಎಂಬ ರಾಷ್ಟ್ರೀಯ ಪರೀಕ್ಷೆಯ ಮೂಲಕ ಬರುತ್ತದೆ. ನೀಟ್‌ ತರಬೇತಿಗಾಗಿ ಈ ಸೀಮೆಯ ಪಾಲಕರು ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಮಕ್ಕಳನ್ನು ಕಲಬುರಗಿಗೋ ಮಂಗಳೂರಿಗೋ ಕಳಿಸಲು ಸಾಲ ಎತ್ತುತ್ತಾರೆ. ಶೇ. 70ರ ಮೀಸಲಿನೊಳಗಿನ ಪೈಪೋಟಿ ಹೀಗೆ ತರಬೇತಿ ಪಡೆದವರಿಗೂ ಪಡೆಯದವರಿಗೂ ನಡುವಿನದು. ಮೆಟ್ರಿಕ್‌ ನಂತರದ ವಿದ್ಯಾರ್ಥಿವೇತನಗಳು ಕೋರ್ಸಿನ ಶುಲ್ಕಕ್ಕೆ ಲೆಕ್ಕ ಕಟ್ಟಿವೆಯೇ ಹೊರತು ಖಾಸಗಿ ತರಬೇತಿಯ ಶುಲ್ಕಕ್ಕಲ್ಲ. ಕೈಯಿಂದ ಹಾಕಬೇಕಾದ ಹಣದ ಹೊತ್ತು ಪ್ರವೇಶದ ದಿನದಿಂದ ಎರಡು ವರ್ಷ ಹಿಂದಕ್ಕೆ ಸರಿದಿದೆ, ಮತ್ತು ಆ ಎರಡು ವರ್ಷದ ತರಬೇತಿಯ ಖರ್ಚಿಗೆ ಸಹಾಯಕ ಆಯುಕ್ತರ ಪ್ರಮಾಣಪತ್ರವೂ ಆರ್‌.ಡಿ. ಸಂಖ್ಯೆಯೂ ಉಪಯೋಗಕ್ಕೆ ಬರುವುದಿಲ್ಲ.