ಎರಡು ಮನೆಗಳ ನಡುವಿನ ಸ್ವರ



ಹಾರ್ಮೋನಿಯಂನ ಎರಡು ಮನೆಗಳ ನಡುವೆ ಇನ್ನೊಂದು ಸ್ವರ ಬೇಕೆಂದರೆ ಸಿಗುವುದಿಲ್ಲ. ಪಿಟೀಲಿನಲ್ಲಿ ಹಾಗಲ್ಲ, ಬೆರಳು ತುಸು ಜಾರಿದರೆ ಸಾಕು. ಆ ನಡುವಿನ ಸ್ವರವನ್ನು ಹುಡುಕುತ್ತಾ ಬಂದ ಇಂಗ್ಲಿಷ್ ಸಂಯೋಜಕರೊಬ್ಬರು ನಮ್ಮ ಆಕಾಶವಾಣಿಯಲ್ಲೇ ದುಡಿದು, ಈ ನೆಲದಲ್ಲೇ ಕಣ್ಣು ಮುಚ್ಚಿದರೆಂಬುದು ನಿಮಗೆ ಗೊತ್ತೇ?

ಅವರು ಜಾನ್ ಫೌಲ್ಡ್ಸ್. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವರು. ತಂದೆ ಅಲ್ಲಿನ ಹ್ಯಾಲೆ ವಾದ್ಯವೃಂದದಲ್ಲಿ ಬಸೂನ್ ವಾದಕರು. 1900ರಲ್ಲಿ ಮಗನೂ ಚೆಲ್ಲೋ ಹಿಡಿದು ಅದೇ ವೃಂದ ಸೇರಿದರು. ಪಾಶ್ಚಾತ್ಯರ ಅರ್ಧಸ್ವರಕ್ಕಿಂತ ಸಣ್ಣದಾದ ಕಾಲುಸ್ವರವನ್ನು ತಮ್ಮ ಚೆಲ್ಲೋ ಸೊನಾಟಾದಲ್ಲಿ ಧೈರ್ಯವಾಗಿ ಬಳಸಿದರು. ಪಿಟೀಲು ದಿಗ್ಗಜ ಯೋಸೆಫ್ ಯೋವಾಕಿಂ 1907ರಲ್ಲಿ ತೀರಿಕೊಂಡ ಮೇಲೆ, ಅವರ ನೆನಪಿಗಾಗಿ ಪಿಟೀಲು ಮತ್ತು ವಾದ್ಯವೃಂದಕ್ಕೆ 'ಅಪೋಥಿಯೋಸಿಸ್' ಎಂಬ ಶೋಕಗೀತೆ ರಚಿಸಿದರು.

1915ರಲ್ಲಿ ಅವರಿಗೆ ಮಾಡ್ ಮೆಕಾರ್ಥಿಯ ಪರಿಚಯವಾಯಿತು. ಬಾಲ್ಯದಲ್ಲೇ ಪಿಟೀಲಿನಲ್ಲಿ ಹೆಸರು ಮಾಡಿದ್ದ ಐರಿಷ್ ಕಲಾವಿದೆ ಆಕೆ. ನರದ ಬೇನೆಯಿಂದ ಕಛೇರಿ ಬಿಡಬೇಕಾಯಿತು. ಆನಿ ಬೆಸೆಂಟರ ಜೊತೆ ಭಾರತಕ್ಕೆ ಬಂದು ದಕ್ಷಿಣದ ಸಂಗೀತ ಅಭ್ಯಾಸ ಮಾಡಿದ್ದರು. ಫೌಲ್ಡ್ಸ್ ಹುಡುಕುತ್ತಿದ್ದ ಸೂಕ್ಷ್ಮ ಸ್ವರಗಳು ನಮ್ಮಲ್ಲಿ ಶ್ರುತಿಗಳೆಂಬ ಹೆಸರಿನಲ್ಲಿ ಆಗಲೇ ಇದ್ದವು! ಇಬ್ಬರೂ ಬಾಳಸಂಗಾತಿಗಳಾದರು.

1923ರಿಂದ 1926ರವರೆಗೆ ಲಂಡನ್ನಿನಲ್ಲಿ, ಯುದ್ಧದಲ್ಲಿ ಮಡಿದವರ ಸ್ಮರಣೆಗೆ ಅವರ 'ವರ್ಲ್ಡ್ ರೆಕ್ವಿಯಂ' ಪ್ರತಿವರ್ಷ ಮೊಳಗಿತು. ವೇದಿಕೆಯ ಮೇಲೆ ಸಾವಿರಕ್ಕೂ ಹೆಚ್ಚು ಜನ! ಆಮೇಲೆ ಅದು ನಿಂತಿತು, ಹೆಸರೂ ಮಸುಕಾಯಿತು.

1935ರಲ್ಲಿ ದಂಪತಿ ಭಾರತಕ್ಕೆ ಬಂದರು. 1937ರಲ್ಲಿ ಫೌಲ್ಡ್ಸ್ ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥರಾದರು. ನಮ್ಮ ವಾದ್ಯಗಳ ಒಂದು ವೃಂದ ಕಟ್ಟಿ, ಸ್ವರಲಿಪಿ ನೋಡಿ ನುಡಿಸುವುದನ್ನು ಕಲಾವಿದರಿಗೆ ಕಲಿಸಿದರು. 1938ರಲ್ಲಿ ಶ್ರುತಿ ಕೆಡಿಸುವ ಹಾರ್ಮೋನಿಯಂ ವಿರುದ್ಧ ಲೇಖನವನ್ನೂ ಬರೆದರು. 1940ರಲ್ಲಿ ಆಕಾಶವಾಣಿ ಆ ವಾದ್ಯವನ್ನು ನಿಷೇಧಿಸಿತು. 1971ರವರೆಗೆ ಅದು ಸಡಿಲವಾಗಲಿಲ್ಲ. ಅವರ ಕಿವಿ ಹೇಳಿದ್ದು ಸುಳ್ಳಲ್ಲ. ಆದರೆ ಆ ವಾದ್ಯವನ್ನೇ ನಂಬಿದ್ದ ಕಲಾವಿದರಿಗೆ ರೇಡಿಯೋ ಬಾಗಿಲು ಮುಚ್ಚಿದ್ದು ನನಗಂತೂ ಸರಿಕಾಣುವುದಿಲ್ಲ. ನಮ್ಮ ಕಂಪನಿ ನಾಟಕಗಳನ್ನು ಹಾಡಿಸಿದ್ದೂ ಅದೇ ಪೆಟ್ಟಿಗೆ ತಾನೇ!

ನಿಷೇಧವನ್ನು ನೋಡಲು ಫೌಲ್ಡ್ಸ್ ಉಳಿದಿರಲಿಲ್ಲ. 1939ರ ಏಪ್ರಿಲಿನಲ್ಲಿ ಕಲ್ಕತ್ತಾಗೆ ವರ್ಗವಾಗಿ ಹೋದ ಕೆಲವೇ ದಿನಗಳಲ್ಲಿ ಕಾಲರಾ ಅವರನ್ನು ಕೊಂಡೊಯ್ದಿತು. ಆಗ ಅವರಿಗೆ 58 ವರ್ಷ. ಪೂರ್ವ-ಪಶ್ಚಿಮಗಳನ್ನು ಬೆಸೆಯಲೆಂದು ಬರೆದ ಸಿಂಫನಿಯ ಹಾಳೆಗಳು ಕಳೆದುಹೋದವು. ಉಳಿದವನ್ನು ಮಗಳು ಕಾಪಾಡಿದರು. ವಿಮರ್ಶಕ ಮಾಲ್ಕಂ ಮೆಕ್‌ಡೊನಾಲ್ಡ್ ಅವನ್ನು ಬೆಳಕಿಗೆ ತಂದರು. ಈ ಶತಮಾನದ ಮೊದಲ ದಶಕದಲ್ಲಿ ಸಕಾರಿ ಒರಾಮೊ ನಿರ್ದೇಶನದಲ್ಲಿ ಬರ್ಮಿಂಗ್‌ಹ್ಯಾಮಿನ ವೃಂದ ಧ್ವನಿಮುದ್ರಿಸಿತು. 2007ರಲ್ಲಿ ಆಲ್ಬರ್ಟ್ ಹಾಲಿನಲ್ಲಿ 'ರೆಕ್ವಿಯಂ' ಮತ್ತೆ ಕೇಳಿಸಿತು.

ಬಿಡುವಾದಾಗ 'ಅಪೋಥಿಯೋಸಿಸ್' ಕೇಳಿ. ಬೆನ್ನಿಗೇ ನಿಮಗಿಷ್ಟವಾದ ಪಿಟೀಲು ಕಛೇರಿಯ ಒಂದು ಆಲಾಪನೆ ಹಾಕಿಕೊಳ್ಳಿ. ನಾಲ್ಕೇ ತಂತಿ, ಅದೇ ಕಮಾನು. ಎಲ್ಲೆಲ್ಲಿ ಬೆರಳು ಜಾರಿತೆಂದು ನಮಗೆ ಬರೆದು ತಿಳಿಸುತ್ತೀರಲ್ಲ?