ಭಾಗಿಸದೆ ಅರಿತ ಸಂಖ್ಯೆ

ಒಂದನ್ನೂ ತನ್ನನ್ನೂ ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ಏಳು ಅವಿಭಾಜ್ಯವೆಂಬುದನ್ನು ಬಾಲಕನೂ ಬಲ್ಲನು, ಭಾಗಿಸಿ ನೋಡಿದರಾಯಿತು. ಆದರೆ 1876ರಲ್ಲಿ ಫ್ರಾನ್ಸ್ ದೇಶದ ಗಣಿತಜ್ಞ ಎದುವಾರ್ ಲ್ಯೂಕಾ ಎಂಬಾತನು ಇಂಥದೊಂದು ಸಂಖ್ಯೆಯನ್ನು ಅವಿಭಾಜ್ಯವೆಂದು ಸಾರಿದನು:

170141183460469231731687303715884105727

ಬಾಯಲ್ಲಿ ಹೇಳಿದರೆ ಕಿವಿಯಲ್ಲಿ ನಿಲ್ಲುವಂಥದಲ್ಲ, ಅಚ್ಚಿನಲ್ಲಿಯೇ ನೋಡಬೇಕು. 127 ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಲ್ಲಿ ಒಂದನ್ನು ಕಳೆದರೆ ದೊರೆಯುವ 39 ಅಂಕಿಗಳ ಸಂಖ್ಯೆಯಿದು. ಸೆಕೆಂಡಿಗೆ ಒಂದು ಭಾಗಾಕಾರದಂತೆ ಇದನ್ನು ಪರೀಕ್ಷಿಸಹೊರಟವನು ಒಂಬೈನೂರು ಕೋಟಿ ವರ್ಷಗಳಿಗೂ ಮಿಗಿಲಾಗಿ ದುಡಿಯಬೇಕಾದೀತು. ಲ್ಯೂಕಾನಿಗೆ ತಿಳಿದುದು ಹೇಗೆ?

ಈ ಜಾತಿಯ ಸಂಖ್ಯೆಗಳಿಗೆ ಮರ್ಸೆನ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿದೆ. 257ರವರೆಗಿನ ಘಾತಗಳಲ್ಲಿ ಹನ್ನೊಂದು ಮಾತ್ರ ಅವಿಭಾಜ್ಯವನ್ನು ಕೊಡುವುವೆಂದು ಆತನು 1644ರಲ್ಲಿ ಪಟ್ಟಿ ಮಾಡಿದನು, ಪ್ರಮಾಣವನ್ನು ಕೊಡಲಿಲ್ಲ. 67 ಮತ್ತು 257 ತಪ್ಪಾಗಿ ಸೇರಿದ್ದುವು. 61, 89, 107 ಬಿಟ್ಟುಹೋಗಿದ್ದುವು. 127 ಮಾತ್ರ ಸರಿಯಾಗಿತ್ತು. 1772ರಲ್ಲಿ ಆಯ್ಲರ್ ಮಹಾಶಯನು 31ನೆಯ ಘಾತದ 2147483647 ಅವಿಭಾಜ್ಯವೆಂದು ಸಾಧಿಸಿದನು. ಭಾಜಕಗಳ ಸಂಖ್ಯೆಯನ್ನು ಯುಕ್ತಿಯಿಂದ ಕುಗ್ಗಿಸಿಕೊಂಡರೂ ಅವನು ಭಾಗಿಸಿಯೇ ನೋಡಬೇಕಾಯಿತು.

ಲ್ಯೂಕಾ ಭಾಗಿಸುವ ದಾರಿಯನ್ನೇ ಬಿಟ್ಟನು. ಅವನ ವಿಧಾನವನ್ನು ಅಮೆರಿಕದ ಲೇಮರ್ 1930ರಲ್ಲಿ ಸರಳಗೊಳಿಸಿದನು. ಆ ರೂಪವನ್ನೇ ಹೇಳುವೆನು. ಶ್ರೋತೃಗಳು ಪೆನ್ಸಿಲು ಹಿಡಿದರೆ ಮನೆಯಲ್ಲಿಯೇ ಮಾಡಬಹುದು. ನಾಲ್ಕರಿಂದ ಹೊರಟು, ವರ್ಗಮಾಡಿ ಎರಡು ಕಳೆಯಿರಿ: 14. ಮತ್ತೆ ಹಾಗೆಯೇ ಮಾಡಿರಿ: 194. ಈಗ 31ನ್ನು ಪರೀಕ್ಷಿಸಬೇಕೆಂದಿರಲಿ. 194ನ್ನು ಅದರಿಂದ ಭಾಗಿಸಿದರೆ ಶೇಷ 8. ಎಂಟರ ವರ್ಗದಲ್ಲಿ ಎರಡು ಕಳೆದರೆ 62. ಅದು 31ರ ಇಮ್ಮಡಿ, ಶೇಷ ಸೊನ್ನೆ. 31 ಎಂಬುದು ಎರಡರ ಐದನೆಯ ಘಾತದಿಂದ ಬಂದುದು. ಘಾತಕ್ಕೆ ಎರಡು ಕಡಮೆ, ಅಂದರೆ ಮೂರು ಸಲ ಈ ಕ್ರಿಯೆ ನಡೆದಾಗ ಸೊನ್ನೆ ಉಳಿದರೆ ಸಂಖ್ಯೆಯು ಅವಿಭಾಜ್ಯ, ಉಳಿಯದಿದ್ದರೆ ಅಲ್ಲ. 127ಕ್ಕೆ 125 ಸಲ ಸಾಕು. ಹನೋಯ್ ಗೋಪುರವೆಂಬ ಆಟಿಕೆಯನ್ನು 1883ರಲ್ಲಿ ಹೊರತಂದ ಲ್ಯೂಕಾನಿಗೆ ಇಂಥ ಪುನರಾವರ್ತನೆಯಲ್ಲಿ ಬೇಸರವಿದ್ದಂತೆ ತೋರದು.

ಇದರಲ್ಲೊಂದು ವೈಚಿತ್ರ್ಯವುಂಟು. ಮರ್ಸೆನ್ನನ 67ನೆಯ ಸಂಖ್ಯೆಯು ಅವಿಭಾಜ್ಯವಲ್ಲವೆಂದು ಲ್ಯೂಕಾ ಅದೇ 1876ರಲ್ಲಿ ತೋರಿಸಿದನು. ಆದರೆ ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಅವನಿಗೂ ತಿಳಿಯದು! ಕಳವಾಗಿರುವುದು ನಿಶ್ಚಯ, ಕಳ್ಳನಾರೆಂಬುದು ಮಾತ್ರ ಗೊತ್ತಿಲ್ಲ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ಕೋಲ್ ಎದ್ದು, ಆ ಸಂಖ್ಯೆಯು 193707721 ಮತ್ತು 761838257287 ಇವುಗಳ ಗುಣಲಬ್ಧವೆಂದು ಹಲಗೆಯ ಮೇಲೆ ಗುಣಿಸಿ ತೋರಿಸಿದನು. ಒಂದು ಮಾತನ್ನೂ ಆಡದೆ ಕುಳಿತನೆಂದು ಪ್ರತೀತಿ.

ಲ್ಯೂಕಾನ ಮಹಾಸಂಖ್ಯೆಯು 1951ರವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿತ್ತು. 2024ರಲ್ಲಿ ಸಿಕ್ಕಿದ ಮರ್ಸೆನ್ ಅವಿಭಾಜ್ಯದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ. ಅದನ್ನು ಹುಡುಕಿದುದು ಯಂತ್ರಗಳು; ದೃಢಪಡಿಸಲು ಅವು ನಡೆಸಿದುದು ನಾಲ್ಕರಿಂದ ಹೊರಟು, ವರ್ಗಮಾಡಿ, ಎರಡು ಕಳೆಯುವ ಈ ಲೆಕ್ಕವನ್ನೇ.