ನೇತಾಜಿ ಭವನ

ಕೋಲ್ಕತ್ತದ ಎಲ್ಗಿನ್ ರಸ್ತೆಯಲ್ಲಿರುವ (ಈಗಿನ ಲಾಲಾ ಲಜಪತ್ ರಾಯ್ ಸರಣಿ) ಬೋಸ್ ಮನೆತನದ ಮನೆ. ಸುಭಾಷ್ ಚಂದ್ರ ಬೋಸರ ಸ್ಮಾರಕ ಹಾಗೂ ವಸ್ತುಸಂಗ್ರಹಾಲಯ. ಕಟಕ್‌ನಲ್ಲಿ ವಕೀಲಿ ನಡೆಸುತ್ತಿದ್ದ ತಂದೆ ಜಾನಕೀನಾಥ ಬೋಸರು 1909ರಲ್ಲಿ ಕಟ್ಟಿಸಿದ್ದು. ಸುಭಾಷರು ಹುಟ್ಟಿದ ಕಟಕ್‌ನ ಮನೆಯೂ ಈಗ ವಸ್ತುಸಂಗ್ರಹಾಲಯವೇ. ಆದರೂ ಎಲ್ಗಿನ್ ರಸ್ತೆಯ ಮನೆಗೆ ಹೆಚ್ಚಿನ ಹೆಸರು ಬಂದದ್ದು ಅವರು ಅಲ್ಲಿಂದ ತಪ್ಪಿಸಿಕೊಂಡದ್ದರಿಂದ.

1940ರ ನವೆಂಬರ್ ಕೊನೆಯಲ್ಲಿ ಬೋಸರು ಪ್ರೆಸಿಡೆನ್ಸಿ ಜೈಲಿನಲ್ಲಿ ಉಪವಾಸ ಹೂಡಿದರು. ಅವರ ಸ್ಥಿತಿ ಹದಗೆಟ್ಟಾಗ ಸರ್ಕಾರ ಡಿಸೆಂಬರ್ 5ರಂದು ಮನೆಗೆ ಕಳಿಸಿತು. ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿದರಾಯಿತು ಎಂಬುದು ಅದರ ಲೆಕ್ಕ. ಸುತ್ತ ಗುಪ್ತಚರರ ಕಾವಲು ಬಿತ್ತು. ಒಳಗೆ ಬೋಸರು ಏಕಾಂತ ವ್ರತ ಹಿಡಿದಿದ್ದಾರೆಂದು ಹೇಳಿ ಕೋಣೆಗೆ ತೆರೆ ಕಟ್ಟಲಾಯಿತು. ತೆರೆಯ ಹಿಂದೆ ಗಡ್ಡ ಬೆಳೆಯಿತು.

1941ರ ಜನವರಿ 16ರ ನಡುರಾತ್ರಿ ಕಳೆದ ಮೇಲೆ ವಿಮಾ ಏಜೆಂಟ್ ಮೊಹಮ್ಮದ್ ಜಿಯಾಉದ್ದೀನನ ವೇಷದಲ್ಲಿ ಬೋಸರು ಕೆಳಗಿಳಿದು ಬಂದರು. ಅಣ್ಣ ಶರತ್ ಚಂದ್ರರ ಮಗ, ಇಪ್ಪತ್ತರ ಹರೆಯದ ಶಿಶಿರ್, ಜರ್ಮನಿಯ ವಾಂಡರರ್ ಕಾರನ್ನು ಸಿದ್ಧವಾಗಿಟ್ಟಿದ್ದ. ಮನೆಯಲ್ಲಿ ಇದಕ್ಕಿಂತ ದೊಡ್ಡ ಸ್ಟುಡಿಬೇಕರ್ ಇತ್ತು. ಆದರೆ ಅದು ಶರತ್ ಬಾಬುಗಳ ಕಾರೆಂದು ಊರಿಗೆಲ್ಲ ಗೊತ್ತು, ಹಾಗಾಗಿ ಬಿಟ್ಟರು. ಮರುದಿನ ಧನಬಾದ್ ಬಳಿ ತಂಗಿ, ರಾತ್ರಿ ಗೋಮೋ ನಿಲ್ದಾಣದಲ್ಲಿ ಬೋಸರು ಕಾಲ್ಕಾ ಮೇಲ್ ಹತ್ತಿದರು. ಇತ್ತ ಅವರ ಕೋಣೆಗೆ ಊಟದ ತಟ್ಟೆ ಎಂದಿನಂತೆ ಹೋಗುತ್ತಲೇ ಇತ್ತು, ಮನೆಯ ಹುಡುಗರು ಅದನ್ನು ಖಾಲಿ ಮಾಡುತ್ತಿದ್ದರು. ಹೀಗೆ ಹತ್ತು ದಿನ ತಳ್ಳಿದ್ದೇ ಈ ಪಲಾಯನದ ನಿಜವಾದ ಜಾಣ್ಮೆ ಎನ್ನಬೇಕು. ಜನವರಿ 26ರಂದು ಅವರು ಕಾಣೆಯಾದ ಸುದ್ದಿ ಹೊರಬೀಳುವ ಹೊತ್ತಿಗೆ ಬೋಸರು ಪೇಶಾವರವನ್ನು ಹಿಂದಿಕ್ಕಿ ಕಾಬೂಲಿನ ಹಾದಿಯಲ್ಲಿದ್ದರು. ಮುಂದೆ ಮಾಸ್ಕೊ ಮಾರ್ಗವಾಗಿ ಬರ್ಲಿನ್ ಸೇರಿದರು.

ಮನೆಯನ್ನು ರಾಷ್ಟ್ರಕ್ಕೆ ಅರ್ಪಿಸಿದವರು ಶರತ್ ಚಂದ್ರ ಬೋಸ್. 1957ರಲ್ಲಿ ಶಿಶಿರ್ ಬೋಸರು ಇಲ್ಲಿ ನೇತಾಜಿ ರಿಸರ್ಚ್ ಬ್ಯೂರೊ ಸ್ಥಾಪಿಸಿದರು. ವಸ್ತುಸಂಗ್ರಹಾಲಯದ ಹೊಣೆ ಅದರದೇ. ಬೋಸರ ಬರಹ, ಭಾಷಣ, ಪತ್ರಗಳನ್ನು ಸಂಪುಟಗಳಾಗಿ ಹೊರತಂದದ್ದೂ ಈ ಸಂಸ್ಥೆಯೇ. ಪತ್ರ, ಛಾಯಾಚಿತ್ರ, ಉಡುಪುಗಳು ಇತರ ಸ್ಮಾರಕಗಳಲ್ಲೂ ಸಿಗುತ್ತವೆ. ಇಲ್ಲಿ ನೋಡಲೇಬೇಕಾದದ್ದು ಬೋಸರ ಮಲಗುವ ಕೋಣೆ ಮತ್ತು ಅಂದು ರಾತ್ರಿ ಅವರು ನಡೆದು ಹೋದ ದಾರಿ. ನೆಲದ ಮೇಲೆ ಹೆಜ್ಜೆಗುರುತು ಮೂಡಿಸಿ ಅದನ್ನು ತೋರಿಸಲಾಗಿದೆ. ಬಿಎಲ್ಎ 7169 ಸಂಖ್ಯೆಯ ಆ ವಾಂಡರರ್ ಕೂಡ ಇಲ್ಲಿದೆ. ಬಹುಕಾಲ ಓಡದೆ ನಿಂತಿದ್ದ ಅದನ್ನು ದುರಸ್ತಿ ಮಾಡಿಸಿ 2017ರ ಜನವರಿಯಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರಿಂದ ಅನಾವರಣ ಮಾಡಿಸಲಾಯಿತು.